ಮಾವನವರ ತುತ್ತು, ಬುಜ್ಜಿಯ ತೂಕ

ನಮ್ಮ ಮಾವನವರಿಗೆ ಹಾವಿನ ಭಯವಿಲ್ಲ, ಕತ್ತಲೆಯ ಭಯವಿಲ್ಲ, ಅತ್ತೆಯವರ ಭಯವಂತೂ ಮೊದಲಿನಿಂದಲೇ ಇಲ್ಲ. ಈ ಪ್ರಪಂಚದಲ್ಲಿ ಅವರು ಹೆದರುವುದು ಒಂದೇ ಒಂದಕ್ಕೆ. ಅದು ಖಾಲಿ ಬಾಯಿ! ಯಾರ ಬಾಯಾದರೂ ಸರಿ, ಅರ್ಧ ಗಂಟೆ ಸುಮ್ಮನಿತ್ತೆಂದರೆ ಅವರಿಗೆ ಕೈಕಾಲು ಆಡುವುದಿಲ್ಲ. ಕರೆಂಟಿನ ಮೀಟರು ಓದಲು ಬರುವವರು ನಮ್ಮ ಮನೆಯಿಂದ ಚಕ್ಕುಲಿ ಅಗಿಯುತ್ತಲೇ ಹೊರಗೆ ಹೋಗುತ್ತಾರೆ. ಓಟು ಕೇಳಲು ಬಂದ ಮೂರು ಪಕ್ಷದವರಿಗೂ ಮಾವನವರು ಕಡಲೆಬೀಜದ ಉಂಡೆ ಕೊಟ್ಟು ಕಳಿಸಿದ್ದಾರೆ. ಓಟು ಯಾರಿಗೆ ಕೊಟ್ಟರೋ ಗೊತ್ತಿಲ್ಲ.

ಅವರು ನನ್ನನ್ನು ನೋಡಲು ಬಂದ ದಿನ ಕೇಳಿದ್ದು ಒಂದೇ ಪ್ರಶ್ನೆ. "ತಿಂಡಿ ಆಯ್ತೇನಮ್ಮ?" ನಾನು ಹೆದರಿಕೆಯಲ್ಲಿ ಬೆಳಗಿನಿಂದ ಏನೂ ತಿಂದಿರಲಿಲ್ಲ, ಇಲ್ಲವೆಂದು ತಲೆಯಾಡಿಸಿದೆ. ನಮ್ಮಮ್ಮ ಅವರಿಗೆಂದು ತಂದಿಟ್ಟಿದ್ದ ತಟ್ಟೆಯಿಂದಲೇ ಒಂದು ಉಂಡೆ ಎತ್ತಿ ನನ್ನ ಕೈಗೆ ಕೊಟ್ಟುಬಿಟ್ಟರು. ಹುಡುಗಿ ಒಪ್ಪಿಗೆಯಾದಳೆಂದು ಎರಡೂ ಕಡೆಯವರು ನಕ್ಕರು, ತಾಂಬೂಲ ಬದಲಾಯಿತು. ಪಾಪ, ಅವರ ಮನಸ್ಸಿನಲ್ಲಿ ಅಂಥದ್ದೇನೂ ಇರಲಿಲ್ಲವಂತೆ. ಹುಡುಗಿಯ ಬಾಯಿ ಖಾಲಿ ಇತ್ತು, ಅಷ್ಟೆ. ನನ್ನ ಮದುವೆ ನಡೆದದ್ದು ಹೀಗೆ.

ಇಷ್ಟೆಲ್ಲ ತಿನ್ನಿಸುವ ಮನುಷ್ಯ ತಾವು ಹೇಗಿದ್ದಾರೆಂದುಕೊಂಡಿರಿ? ಬಟ್ಟೆ ಒಣಹಾಕುವ ಗಳುವಿನ ಹಾಗೆ ಇದ್ದಾರೆ. ನಲವತ್ತು ವರ್ಷ ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ರೇಷ್ಮೆ ಹುಳ ಸಾಕಿದವರು. ಮೊಣಕಾಲು ಬಗ್ಗುವುದಿಲ್ಲ ಎಂದಾದ ಮೇಲೆ ಹಿಪ್ಪುನೇರಳೆ ತೋಟವನ್ನು ತಮ್ಮನ ಮಕ್ಕಳಿಗೆ ಒಪ್ಪಿಸಿ ಪೇಟೆಯಲ್ಲಿ ನಮ್ಮ ಜೊತೆಗಿದ್ದಾರೆ. ಹುಳಕ್ಕೆ ಸೊಪ್ಪು ಹಾಕಿ ಹಾಕಿ ಅಭ್ಯಾಸವಾದ ಕೈ. ಪೇಟೆಗೆ ಬಂದ ಮೇಲೆ ಆ ಕೈಗೆ ಕೆಲಸ ಬೇಕಲ್ಲ? ಸಿಕ್ಕಿದಳು ನಮ್ಮ ಮಗಳು ಬುಜ್ಜಿ.

ಬುಜ್ಜಿಗೆ ಆಗ ನಾಲ್ಕು ವರ್ಷ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ಬರುವುದು ಸಂಜೆ ಐದಕ್ಕೆ. ನನ್ನ ಗಂಡ ಚಿಕ್ಕಬಳ್ಳಾಪುರದ ಕಚೇರಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಾರೆ. ಅತ್ತೆಯವರಿಗೆ ಸಕ್ಕರೆ ಕಾಯಿಲೆ, ದಿನಾ ಬೆಳಿಗ್ಗೆ ತಮ್ಮ ಹೊಟ್ಟೆಗೆ ತಾವೇ ಇನ್ಸುಲಿನ್ ಸೂಜಿ ಚುಚ್ಚಿಕೊಂಡು, ಅದು ಮುಗಿದ ಮೇಲೆ ಒಲೆ ಹಚ್ಚುತ್ತಾರೆ. ಹೀಗಾಗಿ ಅಡುಗೆ ಅತ್ತೆಯವರದು, ಬುಜ್ಜಿಯ ಬಾಯಿ ಮಾವನವರದು ಎಂದು ಮನೆಯಲ್ಲಿ ಯಾರೂ ಹೇಳದೆಯೇ ಹಂಚಿಕೆಯಾಗಿತ್ತು.

ಬುಜ್ಜಿಯನ್ನು ಎಲ್‌ಕೆಜಿಗೆ ಬಿಟ್ಟು ಕರೆತರುವವರೂ ಅವರೇ. ಹಾಗೆಂದು ನಾವು ಹೇಳಿಕೊಳ್ಳುತ್ತಿದ್ದೆವು. ನಿಜವಾಗಿ ಅವರು ಹೋಗುತ್ತಿದ್ದದ್ದು ಬೇಕರಿಗೆ, ದಾರಿಯಲ್ಲಿ ಶಾಲೆ ಸಿಗುತ್ತಿತ್ತು! ಹೋಗುವಾಗ ಕ್ರೀಮ್ ಬನ್ನು, ಬರುವಾಗ ಬೆಣ್ಣೆ ಬಿಸ್ಕತ್ತು. ಇದನ್ನು ಕೇಳಿದರೆ "ಅದು ತಿಂಡಿ ಅಲ್ಲ ಕಣಮ್ಮ, ಸುಮ್ನೆ ಬಾಯಾಡ್ಸಕ್ಕೆ" ಎನ್ನುತ್ತಿದ್ದರು.

ಇನ್ನು ಊಟ. ನಮ್ಮ ಕಡೆ ಮಕ್ಕಳಿಗೆ ತುತ್ತು ಕೊಡುವಾಗ ಒಬ್ಬೊಬ್ಬರ ಹೆಸರು ಹೇಳಿ ಕೊಡುವ ಪದ್ಧತಿಯಿದೆಯಲ್ಲ, ಇದು ಅಪ್ಪಂದು, ಇದು ಅಮ್ಮಂದು ಎಂದು? ಸಾಮಾನ್ಯ ಮನೆಗಳಲ್ಲಿ ಅದು ಅಜ್ಜಿಗೋ ಕಾಗಕ್ಕನಿಗೋ ಬಂದು ನಿಲ್ಲುತ್ತದೆ. ನಮ್ಮ ಮಾವನವರು ನಿಲ್ಲುವ ಜಾತಿಯೇ? ಮನೆಯವರ ತುತ್ತು ಮುಗಿದ ಮೇಲೆ ಬಸ್ಸು ಊರು ಬಿಡುತ್ತಿತ್ತು. "ಇದು ಚಿಂತಾಮಣಿ ದೊಡ್ಡಮ್ಮಂದು. ಇದು ಮುರುಗಮಲ್ಲದ ಅತ್ತೇದು. ಇದು ಗೌರಿಬಿದನೂರು ಚಿಕ್ಕಪ್ಪಂದು." ಬುಜ್ಜಿ ಅಷ್ಟು ಹೊತ್ತಿಗೆ ಮುಖ ತಿರುಗಿಸುತ್ತಿದ್ದಳು. ಆಗ ಮಾವನವರಿಗೆ ಮುದ್ದು ಉಕ್ಕಿ ತೆಲುಗು ಬರುತ್ತಿತ್ತು. "ಇಂಕೊಕ್ಕಟಿ ತಿನಮ್ಮ ನಾ ತಲ್ಲಿ, ಇನ್ನೊಂದೇ ಒಂದು, ಹಿಂದೂಪುರದ ತಾತ ಬೇಜಾರ್ ಮಾಡ್ಕಂತಾರೆ." ಹೀಗೆ ನನ್ನ ಮಗಳು ದಿನಕ್ಕೆರಡು ಸಲ ಜಿಲ್ಲೆ ಸುತ್ತಿ, ಗಡಿ ದಾಟಿ, ಆಂಧ್ರದಲ್ಲಿ ಊಟ ಮುಗಿಸುತ್ತಿದ್ದಳು. ನೆಂಟರಲ್ಲಿ ಯಾರದಾದರೂ ಮದುವೆಯಾಯಿತೆಂದರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು. ತುತ್ತು ಒಂದು ಹೆಚ್ಚಾಯಿತಲ್ಲ!

ನಾನೂ ನಗುತ್ತಲೇ ಇದ್ದೆ, ಸುಳ್ಳು ಯಾಕೆ ಹೇಳಲಿ. ಗುಂಡುಗುಂಡಗಿದ್ದಳು, ಕೆನ್ನೆ ಹಿಂಡದೆ ಯಾರೂ ಮುಂದೆ ಹೋಗುತ್ತಿರಲಿಲ್ಲ. ಶಾಲೆಗೆ ಮಕ್ಕಳ ಡಾಕ್ಟರು ಬಂದು ಎಲ್ಲರ ಎತ್ತರ ತೂಕ ನೋಡಿದ ದಿನ ನನಗೆ ಫೋನು ಬಂತು. ಹೋದೆ. ಆಕೆ ಕಾರ್ಡು ಮುಂದಿಟ್ಟು ಸಮಾಧಾನವಾಗಿ ಕೇಳಿದರು. ಓಡುವಾಗ ಏದುಸಿರು ಬಿಡುತ್ತಾಳಾ? ಹೌದು. ಮಲಗಿದಾಗ ಗೊರಕೆ ಹೊಡೆಯುತ್ತಾಳಾ? ಹೌದು, ನಮಗೆ ಅದೂ ಮುದ್ದಾಗಿಯೇ ಕೇಳಿಸುತ್ತಿತ್ತು. ಮನೆಯಲ್ಲಿ ಯಾರಿಗಾದರೂ ಶುಗರ್ ಇದೆಯಾ?

"ಅತ್ತೆಯವರಿಗಿದೆ" ಎಂದೆ.

"ಹೆದರಬೇಡಿ, ಇನ್ನೂ ನಾಲ್ಕು ವರ್ಷ. ಈ ವಯಸ್ಸಲ್ಲಿ ತೂಕ ಇಳಿಸೋದೇನೂ ಬೇಡ, ಏರದ ಹಾಗೆ ನೋಡ್ಕೊಂಡ್ರೆ ಸಾಕು. ಎತ್ತರ ಬೆಳೀತಾ ತಾನೇ ಸರಿಹೋಗುತ್ತೆ. ಬಿಟ್ರೆ ಆಮೇಲೆ ಕಷ್ಟ" ಎಂದರು. ಶಾಲೆಯ ಅಂಗಳದಲ್ಲಿ ಮಕ್ಕಳು ಓಡಿ ಹಿಡಿಯುವ ಆಟ ಆಡುತ್ತಿದ್ದರು. ಬುಜ್ಜಿ ಮೆಟ್ಟಿಲ ಮೇಲೆ ಕುಳಿತು ಎಲ್ಲರ ಚಪ್ಪಲಿ ಕಾಯುತ್ತಿದ್ದಳು. ಅತ್ತೆಯವರ ಆ ಸೂಜಿ ಇವಳ ಕೈಗೆ ಬರಕೂಡದು ಎಂದು ಅಲ್ಲೇ ನಿಂತು ತೀರ್ಮಾನಿಸಿದೆ. ಯಾರನ್ನು ಎದುರು ಹಾಕಿಕೊಂಡರೂ ಸರಿಯೇ.

ಎದುರು ಹಾಕಿಕೊಳ್ಳಬೇಕಾದವರು ಯಾರೆಂದು ನಿಮಗೆ ಗೊತ್ತೇ ಇದೆ.

ಮಾವನವರು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಹೇಳಿದರು. "ಮಿಷಿನ್ ಕೆಟ್ಟೈತೆ." ಮರುದಿನವೇ ಬುಜ್ಜಿಯನ್ನು ತಮ್ಮ ಹಳೆಯ ಸ್ನೇಹಿತರಲ್ಲಿಗೆ ಕರೆದುಕೊಂಡು ಹೋದರು. ಅವರ ಮನೆಯಲ್ಲಿ ರೇಷ್ಮೆ ಗೂಡು ತೂಗುವ ತಕ್ಕಡಿಯಿದೆ. ಚಪ್ಪಲಿ ಬಿಚ್ಚಿಸಿದರು, ಗೆಜ್ಜೆ ಬಿಚ್ಚಿಸಿದರು, ತಲೆಯ ಕ್ಲಿಪ್ಪುಗಳನ್ನು ಸಹಿತ ತೆಗೆಸಿದರಂತೆ. ಮುಳ್ಳು ಕಾರ್ಡಿನಲ್ಲಿದ್ದ ಅಂಕಿಗೇ ಬಂದು ನಿಂತಿತು. ಮನೆಗೆ ಬಂದು, ಸೋಲೊಪ್ಪದೆ, "ಮಳೆಗಾಲ ಕಣಮ್ಮ. ಮಳೆಗಾಲದಾಗೆ ಗೂಡೂ ನೀರ್ ಹಿಡ್ದು ತೂಕ ಜಾಸ್ತಿ ಬರ್ತದೆ" ಎಂದರು.

"ಹಾಗಾದ್ರೆ ಮಗೂನ ಬಿಸಿಲಲ್ಲಿ ಒಣಗಿಸೋಣ್ವಾ ಮಾವ?" ಎಂದೆ.

ಸಂಜೆ ನೋಡಿದರೆ ಉಪ್ಪು, ಮೆಣಸಿನಕಾಯಿ ಹಿಡಿದು ಬುಜ್ಜಿಗೆ ದೃಷ್ಟಿ ತೆಗೆಯುತ್ತಿದ್ದಾರೆ. ಯಾರ ದೃಷ್ಟಿ? ಡಾಕ್ಟರದು! ಮಗುವಿನ ತೂಕವನ್ನು ಹೀಗೆ ಬಾಯಿಬಿಟ್ಟು ಹೇಳುವುದುಂಟೇ, ಅದನ್ನು ಬರೆದು ಬೇರೆ ಕೊಡುವುದುಂಟೇ ಎಂಬುದು ಅವರ ವಾದ.

ಡಾಕ್ಟರು ನನಗೆ ಇನ್ನೊಂದು ವಿಷಯವನ್ನೂ ಹೇಳಿದ್ದರು. ಇಂಥ ಮಕ್ಕಳ ಮನೆಯವರಿಗಾಗಿ ಎಂಟು ಶನಿವಾರ ಮಧ್ಯಾಹ್ನ ಶಾಲೆಯಲ್ಲೇ ಒಂದು ತರಗತಿ ನಡೆಯುತ್ತದೆ, ಚಿಕ್ಕಬಳ್ಳಾಪುರದಿಂದ ಒಬ್ಬ ಮೇಡಂ ಬಂದು ಹೇಳಿಕೊಡುತ್ತಾರೆ. ಪಾಠ ಮಗುವಿಗಲ್ಲ, ಮಗುವಿಗೆ ತಿನ್ನಿಸುವವರಿಗೆ. ಮನೆಯಲ್ಲಿ ಯಾರ ಕೈ ಮಗುವಿನ ಬಾಯಿಗೆ ಹೋಗುತ್ತದೋ ಅವರು ಬರಲೇಬೇಕು. ಇದನ್ನು ಕೇಳಿದ ಮಾವನವರು, "ಅರವತ್ತೆಂಟು ವರ್ಷಕ್ಕೆ ನಾನು ಎಲ್‌ಕೆಜಿಗೆ ಹೋಗ್ಬೇಕಾ?" ಎಂದರು. ನಾನು ಅವರ ಪಂಚೆ ಇಸ್ತ್ರಿ ಮಾಡಿ ಮಂಚದ ಮೇಲಿಟ್ಟೆ.

ಹೋದರು, ಜೊತೆಗೆ ನಾನೂ. ಅಲ್ಲಿದ್ದವು ಎಲ್‌ಕೆಜಿಯ ಕುರ್ಚಿಗಳೇ, ಮೊಳದೆತ್ತರದವು. ಬಗ್ಗದ ಮೊಣಕಾಲನ್ನು ಮುಂದಕ್ಕೆ ಚಾಚಿ ಮಾವನವರು ಕೂತರು, ದಾರಿಯಲ್ಲಿ ಹೋಗುವವರೆಲ್ಲ ಅದನ್ನು ದಾಟಿಕೊಂಡು ಹೋಗಬೇಕು. ಪಕ್ಕದ ಕುರ್ಚಿಯಲ್ಲಿ, ರೇಷ್ಮೆ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುವ ಮನೆತನದ ಒಬ್ಬ ಅಜ್ಜಿ ಕೂತಿದ್ದರು. ಅವರ ಮೊಮ್ಮಗಳು ಬುಜ್ಜಿಯ ತರಗತಿಯವಳೇ, ಅವಳು ನಾನಿ ಎನ್ನುತ್ತಿದ್ದಳೆಂದು ನಾವೂ ನಾನಿ ಎಂದೇ ಕರೆಯುತ್ತಿದ್ದೆವು. ಒಂದು ಕಾಲದಲ್ಲಿ ಮಾವನವರು ಬೆಳೆದ ಗೂಡನ್ನು ಇವರ ಮನೆಯವರೇ ಕೊಳ್ಳುತ್ತಿದ್ದರಂತೆ. ಇಬ್ಬರೂ ಗುರುತು ಹಿಡಿದರು.

"ನಿಮ್ಮ ಗೂಡಲ್ಲಿ ನೂಲು ಬಹಳ ಹರೀತಿತ್ತು ಭಾಯಿ" ಎಂದರು ನಾನಿ.

"ಗೂಡು ಚೆನ್ನಾಗೇ ಇತ್ತಮ್ಮ, ನಿಮ್ಮ ನೀರು ಕಾದಿರ್ತಿರ್ಲಿಲ್ಲ" ಎಂದರು ಮಾವ. ಸ್ನೇಹ ಗಟ್ಟಿಯಾಯಿತು.

ಮೇಡಂ ಚಿಕ್ಕ ವಯಸ್ಸಿನವರು, ಆದರೆ ಜಗ್ಗುವವರಲ್ಲ. ಮಗು ನಿನ್ನೆ ತಿಂದದ್ದನ್ನೆಲ್ಲ ಬರೆಯಿರಿ ಎಂದು ಹಾಳೆ ಕೊಟ್ಟರು. ಮಾವನವರು ಮೂರೇ ಮಾತು ಬರೆದರು, "ತಿಂಡಿ, ಊಟ, ಊಟ." ನಾನು ಪಕ್ಕದಿಂದ ಬಾಯಾಡಿಸುವುದಕ್ಕೆ ಕೊಟ್ಟದ್ದನ್ನೆಲ್ಲ ಸೇರಿಸುತ್ತ ಹೋದೆ. ಹಾಳೆ ತಿರುಗಿಸಬೇಕಾಯಿತು. ಆಮೇಲೆ ಮೇಡಂ ಹಲಗೆಯ ಮೇಲೆ ಬರೆದು ವಿವರಿಸಿದರು. ಏನು ತಿನ್ನಬೇಕು, ಯಾವಾಗ ತಿನ್ನಬೇಕು ಎನ್ನುವುದು ದೊಡ್ಡವರ ತೀರ್ಮಾನ. ಎಷ್ಟು ತಿನ್ನಬೇಕು ಎನ್ನುವುದು ಮಗುವಿನ ತೀರ್ಮಾನ. ಮಗು ಸಾಕು ಎಂದರೆ ಸಾಕು.

ಮಾವನವರು ಕೈ ಎತ್ತಿದರು. "ಮೇಡಂ, ನಾಲ್ಕು ವರ್ಷದ್ದೇ ತೀರ್ಮಾನ ಮಾಡೋದಾದ್ರೆ ಅದನ್ನೇ ಕೂರಿಸ್ಕೊಂಡು ಕ್ಲಾಸ್ ಮಾಡಿ. ನಾವ್ಯಾಕೆ ಬರೋದು?"

ನಾನಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಮೇಡಂ ಕೂಡ ನಕ್ಕು, "ಮುಂದಿನ ವಾರವೂ ಬನ್ನಿ ತಾತ, ಮಾತಾಡೋಣ" ಎಂದರು. ಇಂಥವರನ್ನು ಅವರು ಎಷ್ಟು ಜನ ನೋಡಿದ್ದರೋ.

ಮನೆಯಲ್ಲಿ ಹೊಸ ಕಾನೂನು ಬಂತು. ಬುಜ್ಜಿ ತನ್ನ ಕೈಯಿಂದ ತಾನೇ ತಿನ್ನಬೇಕು. ಊಟದ ಹೊತ್ತಿನಲ್ಲಿ ಮೊಬೈಲಿಲ್ಲ, ಟಿವಿಯಿಲ್ಲ. ಅತ್ತರೆ ಬಿಸ್ಕತ್ತಿನ ಲಂಚವಿಲ್ಲ. ಮನೆಯವರೆಲ್ಲರಿಗೂ ಒಂದೇ ಊಟ, ಮಗುವಿಗೆ ಸೊಪ್ಪಿನ ಸಾರು ಕೊಟ್ಟು ದೊಡ್ಡವರು ಬೋಂಡ ತಿನ್ನುವ ಹಾಗಿಲ್ಲ. ನನ್ನ ಗಂಡ ಬಸ್‌ಸ್ಟ್ಯಾಂಡಿನಿಂದ ತರುತ್ತಿದ್ದ ಸಿಹಿ ಸೋಡಾ ಬಾಟಲಿಗೂ ಕುತ್ತು ಬಂತು. ಕಾನೂನು ಹೇಳಿದಾಗ ಮಾವನವರು ತಲೆಯಾಡಿಸಿದರು. ಅವರು ಅಷ್ಟು ಸುಲಭವಾಗಿ ತಲೆಯಾಡಿಸಿದಾಗಲೇ ನನಗೆ ಅನುಮಾನ ಬರಬೇಕಿತ್ತು. ನಾನು ದಡ್ಡಿ, ಸಂತೋಷಪಟ್ಟೆ. ದಿನಾ ಅವರ ಜೇಬು ನೋಡುತ್ತಿದ್ದೆ, ಕೇಳಿಯೇ ನೋಡುತ್ತಿದ್ದೆ. ಅಂಗಿಯ ಜೇಬು ಖಾಲಿ, ಬನಿಯನ್ನಿನ ಜೇಬೂ ಖಾಲಿ. ಬೇಕರಿಯವನನ್ನು ವಿಚಾರಿಸಿದೆ, ಬಂದೇ ಇಲ್ಲವೆಂದ. ಒಂದು ದಿನ ಮನೆಯ ಚಕ್ಕುಲಿ ಡಬ್ಬ ಬೇಗ ಬೇಗ ಖಾಲಿಯಾಗುತ್ತಿದೆಯಲ್ಲ ಎನ್ನಿಸಿತು. ಬುಜ್ಜಿಯನ್ನು ಕೇಳಿದರೆ ತಾತ ಚಕ್ಕುಲಿ ಕೊಡಲೇ ಇಲ್ಲ ಎಂದಳು. ಅವಳು ಸುಳ್ಳು ಹೇಳುವ ಮಗುವಲ್ಲ.

ನಾಲ್ಕನೆಯ ಶನಿವಾರ ಮಕ್ಕಳನ್ನು ಕರೆಸಿ ತೂಗಿದರು. ಬುಜ್ಜಿಯ ತೂಕ ಏರಿತ್ತು. ನಾನಿಯ ಮೊಮ್ಮಗಳದೂ ಏರಿತ್ತು. ಉಳಿದ ಮಕ್ಕಳದು ನಿಂತಿತ್ತು. ಮೇಡಂಗೆ ಆಶ್ಚರ್ಯ, ನನಗೆ ಅಳು. ಮೇಡಂ ಬುಜ್ಜಿಯನ್ನು ಮಡಿಲಲ್ಲಿ ಕೂರಿಸಿಕೊಂಡು, "ತಾತ ಏನೂ ಕೊಡಲ್ವಾ ಪುಟ್ಟಿ?" ಎಂದು ಕೇಳಿದರು.

"ತಾತ ನಂಗೆ ಕೊಡಲ್ಲ. ತಾತ ಅವಳಿಗೆ ಕೊಡ್ತಾರೆ" ಎಂದು ನಾನಿಯ ಮೊಮ್ಮಗಳನ್ನು ತೋರಿಸಿದಳು. "ನಂಗೆ ನಾನಿ ಕೊಡ್ತಾರೆ."

ನೋಡಿದಿರಾ ಬುದ್ಧಿ! ಶಾಲೆ ಬಿಡುವ ಹೊತ್ತಿಗೆ ಇಬ್ಬರೂ ಗೇಟಿನ ಬಳಿ ಸೇರುವುದು. ಮಾವನವರ ಚಕ್ಕುಲಿ ಆ ಮಗುವಿಗೆ, ನಾನಿಯ ಖರ್ಜೂರದ ಬಿಸ್ಕತ್ತು ಈ ಮಗುವಿಗೆ. ಮನೆಗೆ ಬರುವಷ್ಟರಲ್ಲಿ ಜೇಬು ಖಾಲಿ. ನಿಮ್ಮ ಮಗುವಿಗೆ ಕೊಡಬೇಡಿ ಎಂದು ತಾನೇ ಮೇಡಂ ಹೇಳಿದ್ದು, ಬೇರೆ ಮನೆಯ ಮಗುವಿಗೆ ಕೊಡಬೇಡಿ ಎಂದು ಎಲ್ಲಿ ಹೇಳಿದ್ದಾರೆ? ಕಾನೂನಿನ ಒಂದಕ್ಷರವನ್ನೂ ಮೀರದೆ ಇಬ್ಬರೂ ಸೇರಿ ಇಡೀ ಕಾನೂನನ್ನು ಅಗಿದು ನುಂಗಿದ್ದರು. ತರಗತಿಯವರೆಲ್ಲ ಬಿದ್ದು ಬಿದ್ದು ನಕ್ಕರು.

ನಾನು ನಗಲಿಲ್ಲ. ಮನೆಗೆ ಬಂದು ಮದುವೆಯಾದ ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಮಾವನವರ ಎದುರು ನಿಂತು ಮಾತಾಡಿದೆ. "ಮಾವ, ನಾನು ಇದನ್ನ ಆಟಕ್ಕೆ ಮಾಡ್ತಿಲ್ಲ. ಅತ್ತೆ ದಿನಾ ಚುಚ್ಚಿಕೊಳ್ಳೋದನ್ನ ನೋಡ್ತೀನಿ. ನಾಳೆ ಇವಳು ಚುಚ್ಚಿಕೊಳ್ಳೋದನ್ನ ನಾನು ನೋಡಲಾರೆ. ನೀವು ನೋಡ್ತೀರಾ?" ಸ್ವರ ಜೋರಾಗಿಯೇ ಬಂತು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು, ನನ್ನನ್ನು ತಡೆಯಲಿಲ್ಲ. ಮಾವನವರು ಅಂಗಳಕ್ಕೆ ಹೋಗಿ ಕೂತರು. ಆ ವಾರವೆಲ್ಲ ಮನೆಯಲ್ಲಿ ಯಾರಿಗೂ 'ತಿಂಡಿ ಆಯ್ತಾ' ಎಂದು ಕೇಳಲಿಲ್ಲ. ಮೀಟರಿನವರು ಬಾಯಿ ಖಾಲಿಯಾಗಿಯೇ ವಾಪಸ್ಸು ಹೋದರು. ನನಗೇ ಕಸಿವಿಸಿಯಾಯಿತು, ಆದರೆ ಸೋತರೆ ಮಗಳು ಸೋತ ಹಾಗೆ ಎಂದು ಗಟ್ಟಿಯಾಗಿಯೇ ಇದ್ದೆ.

ಐದನೆಯ ಶನಿವಾರ ಅವರು ಬರುವುದಿಲ್ಲವೆಂದುಕೊಂಡಿದ್ದೆ. ಪಂಚೆ ಉಟ್ಟು ನನಗಿಂತ ಮುಂಚೆ ಬಾಗಿಲಲ್ಲಿ ನಿಂತಿದ್ದರು. ಮೇಡಂ ಅಂದು ಪಾಠ ಬಿಟ್ಟು, ಅಜ್ಜ ಅಜ್ಜಿಯರನ್ನೆಲ್ಲ ಅವರವರ ಕಸುಬಿನ ಬಗ್ಗೆ ಕೇಳತೊಡಗಿದರು. ಮಾವನವರ ಸರದಿ ಬಂದಾಗ, "ಹುಳಕ್ಕೆ ಸೊಪ್ಪು ಯಾವಾಗ ಹಾಕ್ಬೇಕು ಅಂತ ಹೇಗೆ ಗೊತ್ತಾಗುತ್ತೆ ತಾತ?" ಎಂದರು. ನಿಜಕ್ಕೂ ಗೊತ್ತಿಲ್ಲದೆ ಕೇಳಿದ ಪ್ರಶ್ನೆ ಅದು.

ಮಾವನವರ ಬೆನ್ನು ನೆಟ್ಟಗಾಯಿತು. "ಗೊತ್ತಾಗದೇನು ಮೇಡಂ, ಹುಳನೇ ಹೇಳ್ತದೆ. ಹಸಿದಿದ್ರೆ ತಟ್ಟೆ ತುಂಬ ಓಡಾಡ್ತದೆ, ಹುಡುಕ್ತದೆ. ಸಾಕಾದ್ರೆ ಸೊಪ್ಪಿನ ಪಕ್ಕದಾಗೇ ಬಿದ್ದಿರ್ತದೆ, ಮುಟ್ಟಲ್ಲ. ಇನ್ನು ಪೊರೆ ಬಿಡಕ್ಕೆ ಮುಂಚೆ ತಲೆ ಎತ್ಕಂಡು ಅಲುಗಾಡ್ದೆ ಕೂತ್ಬಿಡ್ತದೆ, ಜ್ವರಕ್ಕೆ ಹೋಯ್ತು ಅಂತೀವಿ. ಅವಾಗ ಒಂದೆಲೆನೂ ಹಾಕ್ಬಾರ್ದು."

"ಹಾಕಿದ್ರೆ ಏನಾಗುತ್ತೆ?"

"ಮುಗೀತು. ತಿನ್ನದೆ ಉಳಿದ ಸೊಪ್ಪು ಕಾವು ಕಟ್ತದೆ, ರೋಗ ಬರ್ತದೆ, ಇಡೀ ಬೆಳೆ ಹೋಗ್ತದೆ. ನಮ್ಮ ತಮ್ಮ ಒಂದ್ಸಲ ಪ್ರೀತಿ ಜಾಸ್ತಿಯಾಗಿ ಮೇಲೆ ಮೇಲೆ ಸುರ್ದ. ನಾನು ಬೈದೆ. ಹುಳ ಹೇಳಿದ್ದು ಕೇಳ್ದೆ ಇರೋನು ಹುಳ ಸಾಕ್ಬಾರ್ದು ಕಣೋ ಅಂದೆ."

ಮಾತಾಡಿದ್ದು ನಾನಿ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ. "ಭಾಯಿ, ಹುಳಕ್ಕೆ ಕೇಳಿ ಕೇಳಿ ಹಾಕಿದ್ರಿ ನೀವು. ಈ ಮಕ್ಕಳಿಗೆ ಯಾಕೆ ನಾವು ಕೇಳಲಿಲ್ಲ?"

ಮಾವನವರು ತಮ್ಮ ಕೈಗಳನ್ನೇ ನೋಡಿಕೊಂಡರು. ಮನೆಗೆ ಬರುವಾಗ ಬೇಕರಿಯ ಮುಂದೆ ನಡಿಗೆ ನಿಧಾನವಾಗಲಿಲ್ಲ. ಮನೆಯ ಹತ್ತಿರ ಬಂದು, "ಹುಳಕ್ಕೆ ಕೊಟ್ಟ ಮರ್ಯಾದೆ ಮಗೀಗೆ ಕೊಡ್ಲಿಲ್ಲವಲ್ಲಮ್ಮ ನಾನು" ಎಂದರು.

ಅಲ್ಲಿಗೆ ಎಲ್ಲ ಸುಖವಾಯಿತೆಂದುಕೊಂಡಿರಾ? ನಮ್ಮ ಮಾವನವರನ್ನು ನೀವಿನ್ನೂ ಅರ್ಥ ಮಾಡಿಕೊಂಡಿಲ್ಲ. ಅವರು ಯಾವುದನ್ನಾದರೂ ಅರ್ಧ ಮಾಡಿದವರೇ? ಮರುದಿನದಿಂದ ನಮ್ಮ ಮನೆ ಹುಳಮನೆಯಾಯಿತು. ಹೊತ್ತು ಹೊತ್ತಿಗೆ ಗಡಿಯಾರ ನೋಡಿ ಊಟ. ಬುಜ್ಜಿ 'ಹಸಿವು' ಎಂದರೆ ಕೆಳಗೆ ಬಗ್ಗಿ ಅವಳ ಮುಖವನ್ನೇ ಪರೀಕ್ಷಿಸುವುದು, ನಿಜವಾದ ಹಸಿವೋ ಬೇಜಾರಿನ ಹಸಿವೋ ಎಂದು. ಬೇಜಾರಿನದಾದರೆ ಕೈಹಿಡಿದು ಹೊರಗೆ ಕರೆದುಕೊಂಡು ಹೋಗಿ ಆಡಿಸುವುದು. ಬಗ್ಗದ ಮೊಣಕಾಲಿನ ತಾತ ಮುಂದೆ, ಗುಂಡು ಮೊಮ್ಮಗಳು ಹಿಂದೆ, ಓಡಿ ಹಿಡಿಯುವ ಆಟ! ಇಬ್ಬರಿಗೂ ಸಮಾನ ವೇಗ, ಯಾರೂ ಸೋಲುತ್ತಿರಲಿಲ್ಲ.

ಹುಳಮನೆಗೆ ಹೊರಗಿನವರನ್ನು ಬಿಡುವುದಿಲ್ಲ, ರೋಗ ತರುತ್ತಾರೆಂದು. ಆ ನಿಯಮವನ್ನೂ ತಂದರು. ಚಿಂತಾಮಣಿಯ ದೊಡ್ಡಮ್ಮ, ಅಂದರೆ ಅತ್ತೆಯವರ ಅಕ್ಕ, ಬಂದ ದಿನ ಅವರನ್ನು ಗೇಟಿನಲ್ಲೇ ತಡೆದು, "ಬ್ಯಾಗಲ್ಲಿ ಏನೈತೆ?" ಎಂದರು. ಮೈಸೂರ್ ಪಾಕಿನ ಡಬ್ಬ ಇತ್ತು. ಮಗುವಿರುವ ಮನೆಗೆ ಬರಿಗೈಯಲ್ಲಿ ಬರುತ್ತಾರೆಯೇ?

"ಅದನ್ನ ವಾಪಸ್ ತಗೊಂಡೋಗ್ಬೇಕು. ನಮ್ಮ ಮಗೀಗೆ ಇಷ್ಟು ದಿನ ನಿನ್ನ ಹೆಸರಲ್ಲಿ ದಿನಕ್ಕೆರಡು ತುತ್ತು ಜಾಸ್ತಿ ಹಾಕಿದೀನಿ, ಅದೇ ಸಾಕು" ಎಂದರು.

"ನನ್ನ ಹೆಸರಲ್ಲಿ ನೀನು ಹಾಕಿದ್ದಕ್ಕೆ ನಾನು ಜವಾಬ್ದಾರೀನಾ?" ಎಂದು ದೊಡ್ಡಮ್ಮ ಗೇಟಿನಾಚೆಯಿಂದ ಕೇಳಿದರು. ನ್ಯಾಯವಾದ ಪ್ರಶ್ನೆ. ಆಮೇಲೆ ನಾನು ಹೋಗಿ ಬಿಡಿಸಿ, ಡಬ್ಬವನ್ನು ನನ್ನ ಶಾಲೆಯ ಸ್ಟಾಫ್ ರೂಮಿಗೆ ಸಾಗಿಸಿ, ದೊಡ್ಡಮ್ಮನನ್ನು ಒಳಗೆ ಕರೆತಂದೆ. ಅವರು ಎರಡು ತಿಂಗಳು ಫೋನು ಮಾಡಲಿಲ್ಲ. ಮಾವನವರು ಜಗ್ಗಲಿಲ್ಲ.

ಕಷ್ಟ ಅವರಿಗೂ ಇತ್ತು. ಬುಜ್ಜಿ ಊಟ ಮಾಡುವಾಗ ಅವರ ಬಲಗೈ ತಾನಾಗಿ ಮೇಲೇಳುತ್ತಿತ್ತು, ಎಡಗೈಯಿಂದ ಅದನ್ನು ಹಿಡಿದುಕೊಳ್ಳುತ್ತಿದ್ದರು. ತಡೆಯಲಾಗದಿದ್ದರೆ ಎದ್ದು ಹೋಗಿ ಪಕ್ಕದ ಮನೆಯ ಹಸುವಿಗೆ ಮೇವು ಹಾಕಿ ಬರುತ್ತಿದ್ದರು. ಆ ಹಸು ಈಗ ಕೊಟ್ಟಿಗೆಯ ಬಾಗಿಲಲ್ಲಿ ಎರಡೂ ಕಡೆ ಮೈ ಉಜ್ಜಿಕೊಂಡು ಬರಬೇಕು. ಅದಕ್ಕೊಂದು ತರಗತಿ ಯಾವ ಶನಿವಾರವಿದೆಯೋ ವಿಚಾರಿಸಬೇಕಾಗಿದೆ.

ಅವರೆಕಾಯಿಯ ಕಾಲ ಬರುವಷ್ಟರಲ್ಲಿ ತರಗತಿ ಮುಗಿದು ತಿಂಗಳುಗಳಾಗಿದ್ದವು. ಡಾಕ್ಟರು ಮತ್ತೆ ಶಾಲೆಗೆ ಬಂದರು. ಬುಜ್ಜಿಯ ತೂಕ ನಿಂತಲ್ಲೇ ನಿಂತಿತ್ತು, ಎತ್ತರ ಎರಡು ಬೆರಳು ಹೆಚ್ಚಾಗಿತ್ತು. ಗೊರಕೆ ನಿಂತಿತ್ತು. ಹೀಗೇ ಮುಂದುವರಿಸಿ, ಬಿಡಬೇಡಿ ಎಂದರು. ಗಣಿತದ ಮೇಡಂ ಆದ ನಾನು ಆ ಎರಡು ಅಂಕಿಗಳನ್ನು ನೋಡಿ ಶಾಲೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಮಾವನವರಿಗೆ ಫೋನು ಮಾಡಿದರೆ "ಸರಿ" ಎಂದು ಇಟ್ಟುಬಿಟ್ಟರು.

ಮರುದಿನ ಭಾನುವಾರ ಬೆಳಿಗ್ಗೆ ನಾನೂ ಅತ್ತೆಯೂ ಅವರೆಕಾಯಿ ಸುಲಿಯುತ್ತ ಕೂತಿದ್ದೆವು. "ಮಾವ ಎಷ್ಟು ಬದಲಾದ್ರು ಅಲ್ವಾ ಅತ್ತೆ. ಮೊದಲು ನಿಮ್ಮ ಮಗನಿಗೂ ಹೀಗೇ ತುರುಕ್ತಿದ್ರಾ?" ಎಂದೆ, ತಮಾಷೆಗೆ.

ಅತ್ತೆ ಕಾಯಿ ಬಿಡಿಸುವುದನ್ನು ನಿಲ್ಲಿಸಿದರು. "ಅವನಿಗಾ? ಒಂದು ತುತ್ತೂ ಹಾಕಿಲ್ಲ ಕಣಮ್ಮ. ಪುರುಸೊತ್ತೆಲ್ಲಿತ್ತು? ಅವನು ಹಸ್ಕೊಂಡು ಬರೋ ಹೊತ್ತಿಗೆ ಹುಳಾನೂ ಹಸ್ದಿರೋದು. ಅಪ್ಪ ನೀನೇ ತಿನ್ಸು ಅಂತ ತಟ್ಟೆ ಹಿಡ್ಕೊಂಡು ಹುಳಮನೆ ಬಾಗಿಲಿಗೆ ಹೋಗೋನು. ಕೈ ತುಂಬ ಸೊಪ್ಪು, ಒಳಗೆ ಬರ್ಬೇಡ ಅಂತ ಗದರ್ಸೋರು. ಆಮೇಲಾಮೇಲೆ ಅವನು ಕೇಳೋದೇ ಬಿಟ್ಟ. ನಿನ್ನ ಮಗಳು ಹುಟ್ಟಿದ ದಿನ ನಿಮ್ಮ ಮಾವ ನನ್ನತ್ರ ಏನಂದ್ರು ಗೊತ್ತಾ? ಇದಕ್ಕಾದ್ರೂ ನಾನು ತಿನ್ನಿಸ್ತೀನಿ ಕಣೇ ಅಂದ್ರು."

ಇಷ್ಟು ತಿಂಗಳು ನಾನು ಯಾವ ಕೈಯನ್ನು ಹಿಡಿದು ನಿಲ್ಲಿಸಿದ್ದೆ ಎಂದು ಆಗ ತಿಳಿಯಿತು. ನಿಲ್ಲಿಸಿದ್ದು ತಪ್ಪೆಂದು ಇಂದಿಗೂ ಅನ್ನುವುದಿಲ್ಲ. ಆದರೂ ಎದ್ದು ಅಂಗಳಕ್ಕೆ ಹೋಗಿ, "ಮಾವ, ಇವತ್ತು ಬುಜ್ಜಿಗೆ ನೀವೇ ತುತ್ತು ಕೊಡಿ. ಸಾಕು ಅಂದಾಗ ನಿಲ್ಲಿಸಿದ್ರೆ ಆಯ್ತು" ಎಂದೆ. ಅವರು ಕೈ ತೊಳೆದುಕೊಂಡು ಬಂದರು, ಎರಡು ಸಲ ತೊಳೆದರು.

ಮಧ್ಯಾಹ್ನ ಎಲ್ಲರೂ ಕೆಳಗೆ ಸಾಲಾಗಿ ಕೂತೆವು, ಮಾವನವರು ಕಾಲು ಚಾಚಿಕೊಂಡು, ಒಂದು ಪಕ್ಕ ಬುಜ್ಜಿ, ಇನ್ನೊಂದು ಪಕ್ಕ ನನ್ನ ಗಂಡ. ಮುದ್ದೆ, ಅವರೆಕಾಳಿನ ಸಾರು. ಮಾವನವರು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಮೊಮ್ಮಗಳ ಬಾಯಿಗಿಟ್ಟರು. ಯಾರ ಹೆಸರನ್ನೂ ಹೇಳಲಿಲ್ಲ. ಒಂದು, ಎರಡು, ಐದು, ಆರು. ಏಳನೆಯದನ್ನು ಎತ್ತಿ ಹಿಡಿದಾಗ ಬುಜ್ಜಿ, "ಸಾಕು ತಾತ" ಎಂದಳು.

ತುತ್ತು ಅವಳ ಬಾಯಿಯ ಹತ್ತಿರವೇ ಇತ್ತು. ಮಾವನವರು ಅವಳ ಮುಖ ನೋಡಿದರು. "ಸಾಕಾ? ಆಯ್ತು ಬಿಡಮ್ಮ" ಎಂದು ಕೈ ಹಿಂದಕ್ಕೆ ತೆಗೆದುಕೊಂಡರು. ಬುಜ್ಜಿ ಎದ್ದು ಅಂಗಳಕ್ಕೆ ಓಡಿದಳು, ಏದುಸಿರಿಲ್ಲದೆ.

ತುತ್ತು ಮಾತ್ರ ಇನ್ನೂ ಅವರ ಕೈಯಲ್ಲೇ ಉಳಿದಿತ್ತು. ತಟ್ಟೆಗೆ ಹಾಕಲಿಲ್ಲ, ತಾವೂ ತಿನ್ನಲಿಲ್ಲ. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು, ಇನ್ನೊಂದು ಪಕ್ಕಕ್ಕೆ ತಿರುಗಿ, "ತಗೋಪ್ಪ" ಎಂದರು.

ನನ್ನ ಗಂಡನಿಗೆ ನಲವತ್ತೊಂದು ವರ್ಷ. ತಲೆಯಲ್ಲಿ ಅರ್ಧ ಬಿಳಿಯಾಗಿದೆ. ಅಪ್ಪನ ಕೈಯನ್ನು ನೋಡಿದರು, ಮುಖವನ್ನು ನೋಡಿದರು, ಬಾಯಿ ತೆರೆದರು. ಮುದ್ದೆಯನ್ನು ಅಗಿಯುವುದಿಲ್ಲ, ಹಾಗೇ ನುಂಗುವುದು. ಅಂದು ಅದು ಗಂಟಲಿಳಿಯಲು ಬಹಳ ಹೊತ್ತು ಹಿಡಿಯಿತು.

ಆಮೇಲೆ ಮೆಲ್ಲಗೆ, "ಇನ್ನೊಂದು ಕೊಡಪ್ಪ" ಎಂದರು.